ಹಸಿವಿನ ಗೋಷ್ಠಿಯಲ್ಲಿ ಮೊದಲ ಪಂಕ್ತಿ

ಕಳೆದ ವಾರ ಬಸವಕಲ್ಯಾಣದ ವಿಜ್ಞಾನ ಗೋಷ್ಠಿಯೊಂದರಲ್ಲಿ ನಾನು ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡೆ. ಹೇಳಲು ನಾಚಿಕೆಯಾಗುತ್ತದೆ. ಆದರೆ ನಿಮ್ಮಿಂದ ಮುಚ್ಚಿಟ್ಟು ಮಾಡುವುದೇನಿದೆ?

ಗೋಷ್ಠಿಯ ವಿಷಯ ಎಪಿಜೆನೆಟಿಕ್ಸ್. ಹಾಗೆಂದರೆ? ಜೀನ್‌ಗಳು ಬದಲಾಗುವುದಿಲ್ಲ, ಆದರೆ ಯಾವುದು ದುಡಿಯಬೇಕು, ಯಾವುದು ಸುಮ್ಮನಿರಬೇಕು ಎಂಬ ಗುರುತು ಅವುಗಳ ಮೇಲೆ ಬೀಳುತ್ತದಂತೆ. ಬಸುರಿ ಹಸಿದಿದ್ದರೆ ಹೊಟ್ಟೆಯಲ್ಲಿರುವ ಕೂಸಿಗೂ ಅಂಥ ಗುರುತು ಬೀಳಬಹುದಂತೆ. (ಇಷ್ಟನ್ನೂ ಹೇಳಿಕೊಟ್ಟವಳು ನನ್ನ ಸೊಸೆ.)

ಸೊಸೆ ಸವಿತಾ ಹುಮನಾಬಾದಿನಲ್ಲಿ ಬಯಾಲಜಿ ಲೆಕ್ಚರರ್. ಈಗ ಏಳು ತಿಂಗಳ ಬಸುರಿ. ಗೋಷ್ಠಿಯ ಓಡಾಟವೆಲ್ಲ ಅವಳದೇ. ಹೊರಗಿನಿಂದ ಬಂದ ವಿಜ್ಞಾನಿಗಳಿಗೆ ಕನ್ನಡ ಬಾರದು, ಸವಿತಾಗೆ ಪುರುಸೊತ್ತಿಲ್ಲ. ಹಾಗಾಗಿ ಅನುವಾದಕ್ಕೆ ನಾನು. ಕುರಿ ಸಾಕುವ ಶಿವಮ್ಮಜ್ಜಿಯನ್ನು ದುಬಲಗುಂಡಿಯಿಂದ ಕರೆಸಿದ್ದರು. ಆಕೆಯ ತಾಯಿ ಬಸುರಿಯಿದ್ದಾಗ ಏನು ತಿನ್ನುತ್ತಿದ್ದಳು ಎಂದು ಕೇಳಬೇಕಿತ್ತು.

ಬೆಳಿಗ್ಗೆಯಿಂದ ಎಲ್ಲರೂ ತಾಯಂದಿರ ಹಸಿವಿನ ಬಗ್ಗೆ ಮರುಗಿದ್ದೇ ಮರುಗಿದ್ದು. ಅನುವಾದಿಸುತ್ತ ನಾನೂ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡೆ. ಆಮೇಲೆ ಊಟಕ್ಕೆ ಎದ್ದೆವು.

ನಮ್ಮ ಕಡೆ ಮೊದಲ ಪಂಕ್ತಿ ಅತಿಥಿಗಳದ್ದು, ಗಂಡಸರದ್ದು. ಮನೆಯ ಹೆಣ್ಣುಮಕ್ಕಳು ಬಡಿಸಿ ಕೊನೆಗೆ ಉಣ್ಣಬೇಕು. ಇಲ್ಲೂ ಹಾಗೇ ಆಯಿತು. ಯಾರೂ ಹೇಳಲಿಲ್ಲ, ಯಾರಿಗೂ ಏನೂ ಅನ್ನಿಸಲೂ ಇಲ್ಲ. ಸವಿತಾ ಸೆರಗು ಸಿಕ್ಕಿಸಿಕೊಂಡು ಬಡಿಸುತ್ತಿದ್ದಳು. "ಇನ್ನೊಂದೀಟು ಹುಗ್ಗಿ ಹಾಕವಾ," ಎಂದೆ ನಾನು.

ಶಿವಮ್ಮಜ್ಜಿ ಮಾತ್ರ ತಾಟು ಮುಟ್ಟಿರಲಿಲ್ಲ. ಯಾಕೆಂದು ಕೇಳಿ ಎಂದರು ಹಿರಿಯ ವಿಜ್ಞಾನಿ. ಕೇಳಿದೆ.

"ನಮ್ಮವ್ವ ಏನ್ ಉಣ್ತಿದ್ಳು ಅಂತ ಮುಂಜಾನಿಂದ ಕೇಳಾಕತ್ತೀರಿ. ಎಲ್ಲಾರೂ ಉಂಡು ಉಳದದ್ದು ಉಣ್ತಿದ್ಳರಿ. ಈ ಬಸರಿ ಹೆಣ್ಮಗಳು ನಿಮ್ಮ ಮುಂದ ನಿಂತಾಳಲ್ಲ, ಈಕಿ ಏನ್ ಉಂಡಾಳ? ಯಾರರ ಕೇಳೀರೇನ್ರಿ?"

ನಾನು ಸವಿತಾಳತ್ತ ತಿರುಗಿದೆ. "ಮುಂಜಾನಿ ಎರಡು ಬಿಸ್ಕಿಟ್ ತಿಂದೀನ್ರಿ, ಮಾವಾರ."

ಆಗ ಮಧ್ಯಾಹ್ನ ಮೂರು ಗಂಟೆ. ಹುಗ್ಗಿಯ ಪಾತ್ರೆ ಖಾಲಿ. ಅಜ್ಜಿ ಅವಳ ಕೈಯಿಂದ ಸೌಟು ಕಿತ್ತುಕೊಂಡು, ತನ್ನ ತಾಟಿನ ಮುಂದೆ ಕೂರಿಸಿ, "ಉಣ್ಣು," ಎಂದಳು. ಸವಿತಾ ಉಂಡಳು. ಎಷ್ಟು ಹಸಿದಿದ್ದಳೋ, ತಲೆ ಎತ್ತಲಿಲ್ಲ. ನಾನು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಇಟ್ಟೆ.

"ಅಜ್ಜಿ ಏನಂದರು?" ಎಂದರು ವಿಜ್ಞಾನಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅಜ್ಜಿಗೆ ಹಸಿವಿಲ್ಲವಂತೆ," ಎಂದೆ ಇಂಗ್ಲಿಷಿನಲ್ಲಿ.

ಆಗ ಸವಿತಾ ತಲೆ ಎತ್ತಿದಳು. ಅವಳಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತದೆ.