ಉತ್ತರದ ಸಮುದ್ರಕ್ಕೆ ಇಳಿದ ಕಾಕು

ಪುಣೆಯ ಹಡಪಸರದಲ್ಲಿ ನಮ್ಮ ಆಫೀಸಿನ ಪಕ್ಕ ಹೊಸದೊಂದು ಬೇಕರಿ ಶುರುವಾಗಿದೆ. ಕಳೆದ ವಾರ ಅದರ ಮುಂದೆ ಹಾದು ಬರುವಾಗ ಬಿಸಿ ಬ್ರೆಡ್ಡಿನೊಳಗಿಂದ ಏಲಕ್ಕಿಯ ವಾಸನೆ ಬಂತು. ಪಾಯಸದ ಏಲಕ್ಕಿಯಲ್ಲ, ಚಹಾದ ಏಲಕ್ಕಿಯೂ ಅಲ್ಲ. ಬೆಣ್ಣೆ, ಹುದುಗಿದ ಹಿಟ್ಟು, ಅಂಚಿನಲ್ಲಿ ಸ್ವಲ್ಪ ಸೀದ ಸಕ್ಕರೆ, ಇವೆಲ್ಲದರ ನಡುವಿನಿಂದ ಮೆಲ್ಲಗೆ ಎದ್ದು ಬರುವ ಏಲಕ್ಕಿ. ರಿಕ್ಷಾಗಳ ಹಾರ್ನು, ಕಂಪನಿ ಬಸ್ಸುಗಳ ಹೊಗೆ, ಅದರ ಮಧ್ಯೆ ನಾನು ಸುಮ್ಮನೆ ನಿಂತುಬಿಟ್ಟೆ. ಈ ವಾಸನೆಯನ್ನು ನಾನು ಜೀವನದಲ್ಲಿ ಎಂದೂ ಮೂಸಿರಲಿಲ್ಲ. ಆದರೂ ಗುರುತು ಹಿಡಿದೆ. ನಮ್ಮ ಎದುರು ಮನೆಯ ಕಾಕು ಅದನ್ನು ಅಷ್ಟು ಚೆನ್ನಾಗಿ ಹೇಳಿದ್ದರು.

"ಏಲಕ್ಕಿ ನಮ್ಮದು, ರೊಟ್ಟಿ ಅವರದು. ಸ್ವೀಡನ್‌ದಾಗ ರಸ್ತಾದ ಮ್ಯಾಲೆ ನಿಂತರ ನಮ್ಮ ಅಡಗಿಮನಿ ವಾಸನಿ ಬರತದ ನೋಡವಾ. ನನಗ ಕಣ್ಣಾಗ ನೀರ ಬಂತು."

ಕೊಥ್ರೂಡಿನ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಅವರು ಕಾಕು. ಚಿಕ್ಕಮ್ಮನೆಂದು ಅರ್ಥ. ತವರು ಜಮಖಂಡಿ. ಮದುವೆಯಾಗಿ ಪುಣೆಗೆ ಬಂದವರು, ಗಂಡ ಬೇಗ ತೀರಿಕೊಂಡ ಮೇಲೆ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಸೇರಿ, ಅಲ್ಲಿಯೇ ನಿವೃತ್ತರಾದರು. ಮಕ್ಕಳಿರಲಿಲ್ಲ. ಕೆಳಗಿನ ಮಹಡಿಯಲ್ಲಿ ಮೈದುನನ ಸಂಸಾರವಿತ್ತು. ಗಿಡ್ಡ ಆಳು, ಆದರೆ ದನಿ ಮಾತ್ರ ಗೇಟಿನವರೆಗೆ ಕೇಳುವಂಥದ್ದು. ತರಕಾರಿಯವನ ಜೊತೆ ಮರಾಠಿ, ಮನೆಯವರ ಜೊತೆಯೂ ನನ್ನ ಜೊತೆಯೂ ಕನ್ನಡ. ಹಾಸನದಿಂದ ಬಂದಿದ್ದ ನನ್ನ ಕನ್ನಡ ಕೇಳಿ ಮೊದಲ ದಿನವೇ ನಕ್ಕಿದ್ದರು. "ಭಾಳ ಸಾಫ್ ಅದ ನಿನ್ನ ಮಾತು. ಉಪ್ಪು ಹಾಕಲಾರದ ಸಾರು ಇದ್ದಾಂಗ."

ಆ ಹಾಸ್ಟೆಲಿನಲ್ಲಿ ಹಿಂದೊಮ್ಮೆ ಮೂವರು ವಿದೇಶಿ ಹುಡುಗಿಯರು ಇದ್ದರಂತೆ. ಒಬ್ಬಳು ಡೆನ್ಮಾರ್ಕಿನವಳು, ಒಬ್ಬಳು ಸ್ವೀಡನ್ನಿನವಳು, ಒಬ್ಬಳು ನಾರ್ವೆಯವಳು. ಸಂಸ್ಕೃತವೋ ಯೋಗವೋ ಏನೋ ಕಲಿಯಲು ಬಂದವರು. ನಾರ್ವೆಯವಳಿಗೆ ಟೈಫಾಯ್ಡ್ ಆದಾಗ ಕಾಕು ಅವಳನ್ನು ತಮ್ಮ ಕೋಣೆಯಲ್ಲೇ ಮಲಗಿಸಿಕೊಂಡು ಗಂಜಿ ಕುಡಿಸಿ ಎಬ್ಬಿಸಿದ್ದರು. ಹುಡುಗಿಯರು ತಮ್ಮ ತಮ್ಮ ದೇಶಕ್ಕೆ ಹೋದರು, ಮದುವೆಯಾದರು, ಐವತ್ತು ದಾಟಿದರು. ಕಾಕು ಪಾಲಿಗೆ ಮಾತ್ರ ಹುಡುಗಿಯರಾಗಿಯೇ ಉಳಿದರು. ಭಾನುವಾರ ಮಧ್ಯಾಹ್ನ ಕಾಕು ಫೋನನ್ನು ಗೋಡೆಗೆ ಒರಗಿಸಿಟ್ಟು, ಮರಾಠಿ-ಇಂಗ್ಲಿಷ್ ಕಲಸಿ ಮೂವರನ್ನೂ ಗದರಿಸುತ್ತಿದ್ದುದು ನನ್ನ ಮನೆಗೆ ಕೇಳುತ್ತಿತ್ತು.

ಆಮೇಲೆ ಒಂದು ವರ್ಷ ನಾರ್ವೆಯವಳ ಕರೆ ನಿಂತಿತು. ಅವಳ ಗಂಡ ಮೀನುಗಾರ. ಒಂದು ದಿನ ದೋಣಿ ತೆಗೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಅವಳು ಯಾರ ಫೋನನ್ನೂ ಎತ್ತುವುದಿಲ್ಲ, ಊರವರಿಗೂ ಬಾಗಿಲು ತೆರೆಯುವುದಿಲ್ಲ ಎಂದು ಉಳಿದಿಬ್ಬರು ಹೇಳಿದರು. ಕಾಕು ವಾರವಾರವೂ ಫೋನು ಮಾಡುತ್ತಲೇ ಇದ್ದರು. ಅದು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು...

ಒಂದು ಸಂಜೆ ನಾನು ಅವರ ಮನೆಯಲ್ಲಿ ಅವಲಕ್ಕಿ ತಿನ್ನುತ್ತಾ ಕೂತಿದ್ದೆ. ಮೈದುನನೂ ಇದ್ದ. ಕಾಕು ಸೌಟು ಕೆಳಗಿಟ್ಟು, "ನಾ ಒಮ್ಮೆ ಹೋಗಿ ನೋಡಿ ಬರತೇನಿ," ಎಂದರು.

"ಎಲ್ಲಿಗೆ ವೈನೀ?" ಎಂದ ಮೈದುನ. ಅತ್ತಿಗೆಗೆ ಆ ಕಡೆ ವೈನಿ ಎನ್ನುತ್ತಾರೆ.

"ನಾರ್ವೆಕ್ಕ."

ಅವನು ಮೊದಲು ನಕ್ಕ. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದ. "ಇದೇನ ಹುಚ್ಚು ರೀ ವೈನೀ? ಲೋಣಾವಳಾಕ್ಕ ಹೋಗಿ ಬಂದ್ರ ಮೊಣಕಾಲಿಗೆ ಎಣ್ಣಿ ಹಚ್ಚಕೊಂಡು ಕೂಡತೀರಿ. ಅಲ್ಲಿಗೆ ಒಬ್ಬರ ಹೋಗತೀರಿ?"

"ಲೋಣಾವಳಾದಾಗ ನನಗ ಯಾರಿದ್ದಾರ? ಅಲ್ಲಿ ನನ್ನ ಹುಡುಗಿ ಇದ್ದಾಳ."

"ಆಕಿ ಬಾಗಲಾ ತಗೀಲಿಲ್ಲಂದ್ರ?"

"ಹೆಣ್ಣಹುಡುಗ್ಯಾರ ಬಾಗಲಾ ಬಡಿಯೂದು ನನಗ ಹೊಸಾದಲ್ಲ. ಜೀವನ ಪೂರ್ತಿ ಅದ ಕೆಲಸ ಮಾಡೇನಿ."

ನಾನೂ ಹೆದರಿದ್ದೆ. "ಕಾಕು, ಯಾವುದಾದರೂ ಟೂರ್ ಗ್ರೂಪ್ ಜೊತೆ ಹೋಗಿ," ಎಂದೆ. ಅವರು ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದರು. ಚರ್ಚೆ ಅಲ್ಲಿಗೆ ಮುಗಿಯಿತು.

ಜೂನ್ ತಿಂಗಳಲ್ಲಿ ಹೊರಟರು. ನೂಲಿನ ಸೀರೆ, ಅದರ ಮೇಲೆ ಮೈದುನನ ಮಗಳ ದಪ್ಪ ಜಾಕೆಟು, ಕಾಲಿಗೆ ಬೂಟು, ಕೈಚೀಲದಲ್ಲಿ ಜೋಳದ ಗರಿಗರಿ ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ವಿಮಾನ ನಿಲ್ದಾಣದಲ್ಲಿ ಒಮ್ಮೆಯೂ ತಿರುಗಿ ನೋಡದೆ ಒಳಗೆ ನಡೆದುಬಿಟ್ಟರು. ಮೊದಲ ಸಲ ವಿಮಾನ ಹತ್ತುತ್ತಿದ್ದವರು!

ತಿರುಗಿ ಬಂದ ಮೇಲೆ ಅವರು ಹೇಳಿದ ಕಥೆಗಳು ಮಳೆಗಾಲ ಪೂರ್ತಿ ನಡೆದವು. ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನವಳು ಸೈಕಲ್ ತಂದಿದ್ದಳಂತೆ. ಮುಂದುಗಡೆ ದೊಡ್ಡ ಮರದ ಪೆಟ್ಟಿಗೆ ಇರುವ ಸೈಕಲ್, ಅಲ್ಲಿನವರು ಮಕ್ಕಳನ್ನು ಕೂರಿಸಿಕೊಂಡು ಓಡಾಡುವುದು. ಆ ಪೆಟ್ಟಿಗೆಯಲ್ಲಿ ಕಾಕುವನ್ನು ಕೂರಿಸಿ, ಕಂಬಳಿ ಹೊದಿಸಿ, ಊರೆಲ್ಲ ಸುತ್ತಿಸಿದಳು. "ಪಾಲಕಿಯೊಳಗ ದೇವರನ್ನ ಕೂಡಿಸಿದಂಗ ಕೂಡಿಸಿದ್ಲು. ಕಾಲವಿ ದಂಡಿ ಮ್ಯಾಲೆ ಬಣ್ಣಬಣ್ಣದ ಮನಿ. ಹೋಟೆಲ್ ಹೊರಗ ಗಾಡಿಯೊಳಗ ಕೂಸು ಮಲಗಿಸಿ ತಾಯಂದಿರು ಒಳಗ ಕಾಫಿ ಕುಡೀತಿದ್ರು. ನಾ ಎಲ್ಲಾ ಕೂಸುಗೋಳ್ನೂ ಎಣಸಕೋತ ಕೂತೆ, ಯಾವದರ ಕಳದಗಿಳದೀತು ಅಂತ!"

ಸ್ಟಾಕ್‌ಹೋಮಿನಲ್ಲಿ ಏಲಕ್ಕಿ ಬನ್ನು ತಿಂದರು. ನೀರಿನ ಮೇಲೆ ತೇಲುವಂತಿದ್ದ ಆ ಊರನ್ನು ದೋಣಿಯಲ್ಲಿ ನೋಡಿದರು. ಸಮುದ್ರದ ತಳದಿಂದ ಎತ್ತಿ ತಂದು ನಿಲ್ಲಿಸಿದ ಹಳೆಯ ಹಡಗೊಂದರ ಮುಂದೆ ಬಹಳ ಹೊತ್ತು ಬಾಯಿ ತೆರೆದು ನಿಂತಿದ್ದರಂತೆ. ಸ್ವೀಡನ್ನಿನವಳು ಅವರನ್ನು ಅಲ್ಲಿಯೇ ಉಳಿಸಿಕೊಳ್ಳಲು ನೋಡಿದಳು. ನಾರ್ವೆಯವಳ ಮನೆಗೆ ತಾನೇ ಹೋಗಿ, ಬಾಗಿಲ ಹೊರಗಿನಿಂದಲೇ ವಾಪಸಾಗಿದ್ದಾಗಿ ಹೇಳಿದಳು. ಕಾಕು ಕೇಳಿಸಿಕೊಂಡು, ಮರುದಿನ ಉತ್ತರದ ರೈಲು ಹತ್ತಿದರು.

ಆ ರೈಲಿನ ಬಗ್ಗೆ ಹೇಳುವಾಗ ಅವರ ದನಿ ತಾನಾಗಿ ಇಳಿಯುತ್ತಿತ್ತು. ಕಿಟಕಿಯಾಚೆ ಮರ, ಮರ, ನಡುವೆ ಕೆರೆ, ಮತ್ತೆ ಮರ. ನಿಂತು ರೈಲನ್ನೇ ನೋಡುತ್ತಿದ್ದ ಹಿಮಸಾರಂಗ. ಎದುರು ಕೂತಿದ್ದ ಮುದುಕನೊಬ್ಬ ಇವರ ಕಟಕ್ ರೊಟ್ಟಿಯನ್ನು ಚಟ್ನಿಯ ಜೊತೆ ತಿಂದು, ಕಣ್ಣು ಮೂಗು ಒರೆಸಿಕೊಳ್ಳುತ್ತಾ ಇನ್ನೊಂದು ಕೇಳಿದ್ದ. ಸೂರ್ಯ ಕೆಳಗಿಳಿದು, ಗುಡ್ಡದ ನೆತ್ತಿಯ ಮೇಲೆ ಕೂತು, ಮುಳುಗದೆ ಹಾಗೆಯೇ ಮೇಲೆದ್ದ. "ಜಪ ಮಾಡಬೇಕು ಅನಸ್ತು, ಮಂತ್ರ ನೆನಪಾಗಲಿಲ್ಲ. ಸುಮ್ಮನ ಕೈ ಮುಗದೆ. ಎದುರಿನ ಅಜ್ಜನೂ ಟೊಪಗಿ ತಗದ," ಎಂದಿದ್ದರು.

ರೈಲು ಇಳಿದು ಬಸ್ಸು. ಬಸ್ಸು ಇಳಿದು, ಒಂದು ಕೆಂಪು ಮರದ ಮನೆ. ಕಾಕು ಬಾಗಿಲು ಬಡಿದರು. ಉತ್ತರವಿಲ್ಲ. ಮತ್ತೆ ಬಡಿದರು. ಆಮೇಲೆ ಹಾಸ್ಟೆಲಿನ ದನಿ ತೆಗೆದು, ಹುಡುಗಿಯ ಹೆಸರು ಕೂಗಿ, ಮರಾಠಿಯಲ್ಲಿ, "ಏಳು, ಬೆಳಗಾಯಿತು," ಎಂದರಂತೆ. ಬಾಗಿಲು ತೆರೆಯಿತು. ಕೂದಲು ಬೆಳ್ಳಗಾಗಿದ್ದ ಆ ಹೆಂಗಸು ಇವರನ್ನು ನೋಡಿ ಹೊಸ್ತಿಲ ಮೇಲೆ ಕುಸಿದು ಕೂತಳು. ಕಾಕು ಪೆಟ್ಟಿಗೆ ಎಳೆದುಕೊಂಡು ಅವಳನ್ನು ದಾಟಿ ಒಳಗೆ ಹೋಗಿ, ಒಲೆ ಎಲ್ಲಿದೆ ಎಂದು ಹುಡುಕಿದರು.

"ಹೊರಗ ಹಗಲೂ ರಾತ್ರಿ ಬೆಳಕು. ಆಕಿ ಮನಿಯೊಳಗ ಕತ್ತಲಿ. ಸಮುದ್ರದ ಕಡಿ ಕಿಟಕಿಗೆಲ್ಲಾ ದಪ್ಪ ಪರದೆ," ಎಂದರು ಕಾಕು.

"ಏನು ಸಮಾಧಾನ ಹೇಳಿದಿರಿ ಕಾಕು?" ಎಂದು ಕೇಳಿದ್ದೆ.

"ಏನ ಹೇಳಲಿ? ಗಂಡ ಹೋದಾಗ ನನಗೂ ಊರ ಮಂದಿ ಹೇಳಿದ್ರು, ಒಂದೂ ಕಿವಿಯೊಳಗ ಹೋಗಲಿಲ್ಲ. ನಾ ಹೇಳಿದ್ದು ಇಷ್ಟ. ಇಷ್ಟ ದೂರ ಬಂದೇನಿ, ನಿಮ್ಮೂರು ತೋರಸು."

ಹಾಗೆ ಅವಳು ಕಾರು ತೆಗೆಯಬೇಕಾಯಿತು. ಮನೆಗೆ ಬಂದ ಮುದುಕಿಯನ್ನು ಕೂರಿಸಿಟ್ಟುಕೊಂಡು ಎಷ್ಟು ದಿನ ಇರಲಾದೀತು? ಮೊದಲು ಇಗರ್ಜಿ, ಆಮೇಲೆ ಕುರಿ ಸಾಕುವವರ ಹೊಲ, ಹುಲ್ಲು ಬೆಳೆದ ಚಾವಣಿಯ ಮನೆಗಳು. ಪುಣೆ ಹತ್ತಿರದ ಭೋರ್ ಕಡೆಯ ಗುಡ್ಡಗಳನ್ನು ಎತ್ತಿ ತಂದು ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ ಅಲ್ಲಿನ ಬೆಟ್ಟಗಳು ಎಂದರು. ತಲೆಯ ಮೇಲೆ ಬಾಗಿಲಿನಷ್ಟು ಅಗಲದ ರೆಕ್ಕೆಯ ಹದ್ದು. ಸಾಲುಸಾಲಾಗಿ ಒಣಹಾಕಿದ ಮೀನು ಬಂದಾಗ ಮಾತ್ರ ಕಾಕು ಸೆರಗಿನಿಂದ ಮೂಗು ಮುಚ್ಚಿಕೊಂಡರಂತೆ, ಅದನ್ನು ನೋಡಿ ಅವಳು ಮೊದಲ ಸಲ ನಕ್ಕಳಂತೆ.

"ಕಡೀಗೆ ಸಮುದ್ರ ನೋಡಬೇಕಂದೆ. ಒಲ್ಲೆ ಅಂದ್ಲು. ನಾ ಬಿಡಲಿಲ್ಲ. ಬಿಳೀ ಉಸುಕು, ಹಸರ ನೀರು. ಕಾಲಿಟ್ಟೆ, ಜಾರಿದೆ, ಆಕಿ ಬಂದು ಹಿಡಕೊಂಡ್ಲು. ನೀರು ಏನ ತಂಪ ಇತ್ತಂತೀ!" ಎಂದು ಹೇಳಿ ಕಾಕು ಎದ್ದು ಹಾಲು ಇಳಿಸಲು ಹೋದರು. ಸಮುದ್ರದ ಬಗ್ಗೆ ಅವರು ಹೇಳಿದ್ದು ಅಷ್ಟೇ.

ಆಮೇಲಿನ ವರ್ಷಗಳಲ್ಲಿ ಅವರು ಮತ್ತೆಲ್ಲಿಗೂ ಹೋಗಲಿಲ್ಲ. ಒಂದು ಮಳೆಗಾಲ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನಕ್ಕೆ... ಮೈದುನ ಕಾಕುವಿನ ಫೋನನ್ನು ನನ್ನ ಕೈಗೆ ಕೊಟ್ಟು, "ಆ ಮೂವರಿಗೆ ನೀವ ಹೇಳ್ರಿ, ನನಗ ಆಗೂದಿಲ್ಲ," ಎಂದ. ಹೇಳಿದೆ. ಹೇಗೆ ಹೇಳಿದೆನೋ ಈಗ ನೆನಪಿಲ್ಲ.

ಆ ಚಳಿಗಾಲದಲ್ಲಿ ನಾರ್ವೆಯವಳು ಪುಣೆಗೆ ಬಂದಳು. ಎತ್ತರದ, ಬಿಸಿಲಿಗೆ ಮುಖ ಕೆಂಪಾದ ಹೆಂಗಸು. ಅವಳಿಗೆ ಹಾಸ್ಟೆಲು ತೋರಿಸಲು ಕರೆದುಕೊಂಡು ಹೋದೆ. ಆ ಕಟ್ಟಡ ಇರಲಿಲ್ಲ, ಅಲ್ಲಿ ಗಾಜಿನ ಟವರ್ ಎದ್ದಿತ್ತು. ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆವು. ಆಗ ಅವಳು ಸಮುದ್ರದ ದಿನದ ಕಥೆಯನ್ನು ಹೇಳಿದಳು.

ಗಂಡ ಹೋದ ಮೇಲೆ ಅವಳು ಆ ನೀರನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದಳು. ದಂಡೆಗೆ ಕರೆತಂದರೂ ಅವಳು ಸಮುದ್ರಕ್ಕೆ ಬೆನ್ನು ಮಾಡಿ ಕಾರಿನ ಹತ್ತಿರವೇ ನಿಂತಿದ್ದಳು. ಕಾಕು ಬೂಟು ಬಿಚ್ಚಿ, ಸೀರೆ ಎತ್ತಿ ಕಟ್ಟಿ, ಒಬ್ಬರೇ ನಡೆದರು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಚಳಿಗೆ ಚೀರಿದರು, ಆದರೆ ನಿಲ್ಲಲಿಲ್ಲ. ಅವಳು ಕೂಗಿದಳು. ಕಾಕು ತಿರುಗಲಿಲ್ಲ. ಅಲೆಯೊಂದು ಬಂದು ಸೊಂಟಕ್ಕೆ ಬಡಿದು, ಅವರು ಬಿದ್ದರು. ಆಮೇಲೆ ತಾನು ಓಡಿದ್ದು ಅವಳಿಗೆ ಗೊತ್ತಿಲ್ಲ. ಎಚ್ಚರವಾದಾಗ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಳು, ತೋಳಿನಲ್ಲಿ ನಡುಗುತ್ತಿದ್ದ ಕಾಕು.

"ನಾನು ಅಳತೊಡಗಿದೆ," ಎಂದಳು ಅವಳು. "ಅವನು ಹೋದಾಗಲೂ ನಾನು ಅತ್ತಿರಲಿಲ್ಲ. ದಂಡೆಗೆ ಬಂದ ಮೇಲೂ ನಿಲ್ಲಿಸಲಾಗಲಿಲ್ಲ. ಅವರು ಹಲ್ಲು ಕಟಕಟಿಸುತ್ತಾ ನನ್ನ ಬೆನ್ನು ಸವರುತ್ತಾ ಇದ್ದರು. ಮನೆಗೆ ಬಂದು ಪರದೆಗಳನ್ನು ನಾನೇ ಸರಿಸಿದೆ. ಒದ್ದೆ ಸೀರೆ ಒಣಗಬೇಕಿತ್ತಲ್ಲ, ಬಿಸಿಲು ಆ ಕಡೆಯೇ ಇತ್ತು."

ಚಹಾ ಆರಿತ್ತು. ಅವಳು ನನ್ನ ಕಡೆ ತಿರುಗಿ ಕೇಳಿದಳು. "ನೀವು ಅವರ ಎದುರು ಮನೆಯವರು. ನಿಮಗೆ ಹೇಳಿರಬೇಕು. ಅವರು ಬೇಕೆಂದೇ ಹಾಗೆ ಮಾಡಿದರಾ, ಅಥವಾ ನಿಜವಾಗಿಯೂ ಸಮುದ್ರ ನೋಡುವ ಆಸೆಗೆ ಹೋದರಾ?"

"ಜಾರಿದೆ ಅಂದಿದ್ದರು," ಎಂದೆ.

"ಅಲ್ಲಿ ಬರೀ ಮರಳು," ಎಂದಳು ಅವಳು. "ಜಾರುವಂಥದ್ದು ಏನೂ ಇಲ್ಲ."

ನಮ್ಮ ಕಟ್ಟಡದ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿಯದ ಹೆಂಗಸು ಕಾಕು. ಈಜು ಬಾರದವರು. ಆ ನೀರಿಗೆ ಮನುಷ್ಯರನ್ನು ನುಂಗುವ ಶಕ್ತಿಯಿದೆ ಎಂದು ಗೊತ್ತಿದ್ದವರು. ಹಿಂದಿನಿಂದ ಓಡಿ ಬರುವ ಹೆಜ್ಜೆಗಳು ಕೇಳಿಸದೇ ಹೋಗಿದ್ದರೆ? ಅಷ್ಟು ನಂಬಿಕೆ ಅವರಿಗೆ ಎಲ್ಲಿಂದ ಬಂತು? ಇಲ್ಲ, ನಾವಿಬ್ಬರೂ ಕಲ್ಪಿಸಿಕೊಂಡದ್ದಕ್ಕಿಂತ ವಿಷಯ ಸರಳವೋ ಏನೋ. ಅಷ್ಟು ದೊಡ್ಡ ನೀರನ್ನು ಕಂಡು ಮನಸ್ಸು ತಡೆಯಲಾರದೆ ನಡೆದುಬಿಟ್ಟರೋ... ಎರಡನ್ನೂ ಮಾಡುವಂಥವರೇ ಅವರು.

ಅವಳು ತನ್ನೂರಿಗೆ ಮರಳಿದಳು. ಈಗ ದಿನವೂ ದಂಡೆಗೆ ಹೋಗುತ್ತಾಳಂತೆ. ಕಾಕು ಮನೆಗೆ ಬೇರೆ ಸಂಸಾರ ಬಂದಿದೆ. ಒಳ್ಳೆಯವರು, ಹಬ್ಬಕ್ಕೆ ಕರೆಯುತ್ತಾರೆ. ಅಷ್ಟು ವರ್ಷ ನಾನು ಆ ಮನೆಯಲ್ಲಿ ಚಹಾ ಕುಡಿದೆ, ಅವಲಕ್ಕಿ ತಿಂದೆ, ಕಥೆ ಕೇಳಿದೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಅದಕ್ಕೆ ಉತ್ತರ ಹೇಳಬೇಕಾದವರು ಇಲ್ಲ.