ಬಸವಣ್ಣನ ಪೆಟ್ಟಿಗೆಯಲ್ಲಿ ಸರ್ಕಾರದ ಮುಡುಪು

ಸಾಸ್ವೆಹಳ್ಳಿ ದಾಟಿ ಹೊಳೆ ದಂಡೆಗೆ ಇಳಿದರೆ ಒಂದು ಪಂಪ್‌ಹೌಸ್ ಸಿಗುತ್ತದೆ. ಅಲ್ಲಿಂದ ಮೇಲಿನ ಹೊಲಗಳಿಗೆ ನೀರೆತ್ತುವ ರೈತರ ಸಂಘಕ್ಕೆ ಷಣ್ಮುಖಪ್ಪ ಬಹಳ ವರ್ಷ ಕಾರ್ಯದರ್ಶಿಯಾಗಿದ್ದ. ಸಂಬಳವಿಲ್ಲದ ಕೆಲಸ; ಬೈಗುಳವೇ ಸಂಬಳ. ನೀರು ಬಂದರೆ ಗಂಗಮ್ಮನ ದಯೆ, ಬರದಿದ್ದರೆ ಷಣ್ಮುಖಪ್ಪನ ತಪ್ಪು. ಅವನೂ ಸುಮ್ಮನಿರುವ ಆಸಾಮಿಯಲ್ಲ, ಒಂದಕ್ಕೆ ಎರಡು ತಿರುಗಿಸಿ ಬೈಯುತ್ತಿದ್ದ. ಮಾತು ಒರಟು, ಕೈ ಮಾತ್ರ ಶುದ್ಧ. ಸಂಘದ ಕೆಲಸಕ್ಕೆಂದು ಹೊನ್ನಾಳಿಗೆ ಹೋದರೆ ಬಸ್ಸಿನ ಚಾರ್ಜಷ್ಟೇ ಸಂಘದ ಲೆಕ್ಕಕ್ಕೆ, ಕುಡಿದ ಚಹಾ ಸ್ವಂತ ಜೇಬಿನದು. ಇದನ್ನು ಊರು ಒಪ್ಪಿತ್ತು. ಒಪ್ಪಿಕೊಂಡಿದ್ದನ್ನು ಊರು ಎಷ್ಟು ಬೇಗ ಮರೆಯುತ್ತದೆ ಅನ್ನುವುದು ಬೇರೆ ಮಾತು.

ಅವನಿಗೆ ಒಬ್ಬನೇ ಗೆಳೆಯ. ಜಗಳೂರು ಕಡೆ ಸೊಕ್ಕೆಯ ಅಂಜಿನಪ್ಪ. ಹರೆಯದಲ್ಲಿ ಹಾರೆ ಹೊತ್ತುಕೊಂಡು ಕಾಲುವೆ ತೋಡಲು ಬಂದವನು, ಆಮೇಲೆ ತನ್ನೂರಿನ ಗಂಡಾಳು ಹೆಣ್ಣಾಳುಗಳನ್ನು ಕಟ್ಟಿಕೊಂಡು ಗ್ಯಾಂಗ್ ಮಾಡಿದ. ಪ್ರತಿ ವರ್ಷ ಸುಗ್ಗಿಗೆ ಆ ಗ್ಯಾಂಗ್ ಹೊಳೆ ದಂಡೆಗೆ ಬರುತ್ತಿತ್ತು, ಬೇಸಿಗೆ ಮುಗಿಸಿ ಹೋಗುತ್ತಿತ್ತು. ಬಂದವನೇ ಅಂಜಿನಪ್ಪ ಷಣ್ಮುಖಪ್ಪನ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದ. ಷಣ್ಮುಖಪ್ಪನ ಹೆಂಡತಿ ರುದ್ರಾಣಿ ರೊಟ್ಟಿ ಹಾಕಿದರೆ, ನಿಮ್ಮ ಕಡೆ ರೊಟ್ಟಿ ಕಾಗದದಂಗೆ ತೆಳ್ಳಗೆ, ಹೊಟ್ಟೆಗೆ ಗೊತ್ತೇ ಆಗಲ್ಲ ಅಂತ ಛೇಡಿಸುತ್ತ ಐದಾರು ಮುಗಿಸುತ್ತಿದ್ದ. ಷಣ್ಮುಖಪ್ಪ ಇಡೀ ಊರಿನ ಮೇಲೆ ಸಿಟ್ಟು ಮಾಡುತ್ತಿದ್ದ; ಅಂಜಿನಪ್ಪನ ಮೇಲೆ ಮಾಡುತ್ತಿರಲಿಲ್ಲ.

ಹಳೇ ಪೈಪು ಒಡೆದು ಹೊಸದು ಹಾಕುವ ವರ್ಷ ಬಂತು. ಮಷಿನ್ ತರಿಸೋಣ ಅಂದರು ಕೆಲವರು. ಅಂಜಿನಪ್ಪನ ಗ್ಯಾಂಗಿಗೇ ಕೊಡಬೇಕು ಅಂತ ಷಣ್ಮುಖಪ್ಪ ಹಟ ಹಿಡಿದ, ಕೊಡಿಸಿದ. ಹೊಳೆಯಿಂದ ದಿಬ್ಬದವರೆಗೆ ಕಲ್ಲು ನೆಲ ಸೀಳಿ ಅವರು ತೋಡಿದ ಕಾಲುವೆ ದಾರ ಹಿಡಿದಂತೆ ನೆಟ್ಟಗಿತ್ತು. ಅಂಜಿನಪ್ಪನ ಬಾಳಿನಲ್ಲೇ ಅಷ್ಟು ದೊಡ್ಡ ಕೆಲಸ ಅದೇ.

ಬಿಲ್ಲು ಕೊಡುವ ಮುಂಚೆ ಷಣ್ಮುಖಪ್ಪ ಹೊನ್ನಾಳಿಯಲ್ಲಿ ಲೆಕ್ಕ ನೋಡುವವರ ಹತ್ತಿರ ಹೋಗಿದ್ದ. ಅವರು, ಗುತ್ತಿಗೆದಾರನಿಗೆ ಕೊಡುವಾಗ ತೆರಿಗೆ ಕಡಿದುಕೊಂಡು ಕೊಡಬೇಕು, ಕಡಿದದ್ದನ್ನು ಸರ್ಕಾರಕ್ಕೆ ಕಟ್ಟಬೇಕು ಅಂತ ಹೇಳಿ ಮುಂದಿನವರ ಕಡೆ ತಿರುಗಿಬಿಟ್ಟರು. ಎಲ್ಲಿ ಕಟ್ಟುವುದು, ಹೇಗೆ ಕಟ್ಟುವುದು? ಷಣ್ಮುಖಪ್ಪ ಕೇಳಲಿಲ್ಲ. ಅಲ್ಲಿ ಇಸ್ತ್ರಿ ಅಂಗಿಯವರು ನಾಲ್ಕು ಜನ ಕೂತಿದ್ದರು. ಅವರ ಮುಂದೆ ತನಗೆ ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಕೇಳದೇ ಬಂದ ಆ ಒಂದು ಮಾತೇ ಮುಂದೆ ಅವನ ಮನೆ ಬಾಗಿಲು ತಟ್ಟಿತು.

ಕಡಿದುಕೊಂಡು ಕೊಟ್ಟಾಗ ಅಂಜಿನಪ್ಪ ನಕ್ಕ.

"ನಮ್ಮ ಬೆವರಿಗೂ ತೆರಿಗೆನಾ ಸೆಕ್ರೆಟ್ರಿ ಸಾಹೇಬ್ರೆ? ಇನ್ನ ಬೆನ್ನು ಬಾಗಿಸಿದ್ದಕ್ಕೂ ಹಾಕ್ತಾರೆ ಬಿಡು."

"ಹೋಗೋದು ಎಲ್ಲಿಗಲೇ? ನಿನ್ನ ಹೆಸರಿಗೇ ಜಮಾ ಆಗ್ತೈತೆ. ನನ್ನ ಮೇಲೆ ನಂಬಿಕಿ ಐತೋ ಇಲ್ಲೋ?"

"ನಿನ್ನ ನಂಬದೆ ಇನ್ಯಾರನ್ನ ನಂಬಲಿ ಮಾರಾಯ," ಅಂದ ಅಂಜಿನಪ್ಪ, ಎಣಿಸದೆ ಜೇಬಿಗಿಟ್ಟುಕೊಂಡ.

ಕಡಿದ ಹಣ ಷಣ್ಮುಖಪ್ಪನ ಕೈಯಲ್ಲಿ ಉಳಿಯಿತು. ಮನೆಯಲ್ಲಿಟ್ಟರೆ ಕಷ್ಟಕ್ಕೆ ಕೈ ಹೋದೀತು, ಸಂಘದ ಖಾತೆಗೆ ಹಾಕಿದರೆ ಕರೆಂಟ್ ಬಿಲ್ಲಿಗೆ ಕರಗಿಹೋದೀತು. ಯೋಚನೆ ಮಾಡಿ ಮಾಡಿ, ಅವನ ಅಪ್ಪ ಅಜ್ಜ ಮಾಡುತ್ತಿದ್ದುದನ್ನೇ ಮಾಡಿದ. ಮುಟ್ಟಬಾರದ ದುಡ್ಡನ್ನು ಆ ಊರಿನಲ್ಲಿ ಇಡುವ ಜಾಗ ಒಂದೇ. ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಎಲೆ ಅಡಿಕೆ ಇಟ್ಟು, ಬಸವಣ್ಣನ ಗುಡಿಯ ಪೆಟ್ಟಿಗೆಯಲ್ಲಿ ಮುಡುಪಿಟ್ಟ. ಇದು ಸರ್ಕಾರದ್ದಪ್ಪ, ಬಂದು ಕೇಳೋ ತನಕ ಕಾಯಿ ಅಂತ ಕೈಮುಗಿದ. ಕೇಳಲು ಬರುತ್ತಾರೆ ಅಂತಲೇ ಅವನ ನಂಬಿಕೆ. ಕಂದಾಯ ಕೇಳಲು ಹಿಂದೆ ಮನೆ ಬಾಗಿಲಿಗೇ ಬರುತ್ತಿದ್ದರಲ್ಲ, ಇದಕ್ಕೂ ಒಬ್ಬ ಬಂದೇ ಬರುತ್ತಾನೆ.

ಯಾರೂ ಬರಲಿಲ್ಲ.

ವರ್ಷ ಕಳೆದ ಮೇಲೆ ಅಂಜಿನಪ್ಪ ಒಂದು ಮಣ್ಣು ತೋಡುವ ಮಷಿನ್ ಕೊಳ್ಳಲು ಹೊರಟ. ಹಾರೆ ಪಿಕಾಸಿ ಕಾಲ ಮುಗಿಯಿತು ಅಂತ ಅವನಿಗೆ ಅರ್ಥವಾಗಿತ್ತು. ಎಲ್ಲಿ ಹೋದರೂ ಮಷಿನ್ ಐತೇನಪ್ಪ ಅನ್ನುವವರೇ. ಚನ್ನಗಿರಿ ಕಡೆ ಒಬ್ಬರು ಹಳೇ ಮಷಿನ್ ಮಾರುವುದಿತ್ತು, ಮಾತಾಗಿತ್ತು, ಬ್ಯಾಂಕ್ ಸಾಲವೊಂದು ಆದರೆ ಮುಗಿಯಿತು. ಬ್ಯಾಂಕಿನವರು ಕಂಪ್ಯೂಟರ್ ತೆಗೆದು ನೋಡಿದರು. ಅಷ್ಟು ದೊಡ್ಡ ಕೆಲಸ ಮಾಡಿದೆ ಅಂತೀಯ, ತೆರಿಗೆ ಕಡಿದರು ಅಂತೀಯ, ನಿನ್ನ ಹೆಸರಿನಲ್ಲಿ ಇಲ್ಲಿ ಏನೂ ಜಮಾ ಇಲ್ಲವಲ್ಲ ಅಂದರು. ಪಾಸ್‌ಬುಕ್ ತೋರಿಸಿದ. ಕೈಗೆ ಬಂದ ದಿನವೇ ಗ್ಯಾಂಗಿಗೆ ಹಂಚಿಹೋದ ಹಣ ಅದರಲ್ಲಿರಲಿಲ್ಲ, ಇದು ಸಾಲದು ಅಂದರು.

ಅಂಜಿನಪ್ಪ ಬ್ಯಾಂಕಿನ ಬಾಗಿಲಿನಿಂದಲೇ ಫೋನ್ ಮಾಡಿದ. ಅವನು ಕೇಳಿದ್ದು ಇಷ್ಟೇ: ಕಡಿದದ್ದನ್ನು ಕಟ್ಟಿದೆಯೋ ಇಲ್ಲವೋ. ಆವತ್ತು ಪಂಪು ಸುಟ್ಟು, ಷಣ್ಮುಖಪ್ಪ ಬೆಳಗಿನಿಂದ ಹತ್ತು ಜನರ ಬಾಯಿಗೆ ಬಿದ್ದಿದ್ದ. ಗೆಳೆಯನೂ ಲೆಕ್ಕ ಕೇಳಿದ ಅನ್ನುವುದೊಂದೇ ಅವನ ಕಿವಿಗೆ ಹೋಯಿತು.

"ನಿನ್ನ ದುಡ್ಡು ದೇವರ ಹತ್ರ ಐತೆ. ನಾನು ತಿಂದಿಲ್ಲ. ಬೇಕಾದ್ರೆ ಬಸವಣ್ಣನ್ನೇ ಕೇಳ್ಕ ಹೋಗು," ಅಂದು ಫೋನ್ ಇಟ್ಟ.

ಹೀಗಂದರೆ ಕೇಳಿದವನು ಏನು ತಿಳಿಯಬೇಕು? ಸವಳಂಗದ ಹೋಟೆಲಿನಲ್ಲಿ, ಎರಡೂ ಊರಿನವರು ಕೂತಿದ್ದಾಗ, ಅಂಜಿನಪ್ಪ ಅಂದುಬಿಟ್ಟ: ಷಣ್ಮುಖಪ್ಪ ಕೂಲಿಯವರ ದುಡ್ಡು ನುಂಗಿ ದೇವರ ಮೇಲೆ ಹಾಕುವವನು ಅಂತ. ಆ ಮಾತು ಅವತ್ತೇ ಬಸ್ಸು ಹತ್ತಿ ಊರಿಗೆ ಬಂತು.

ಷಣ್ಮುಖಪ್ಪ ಉರಿದುಹೋದ. ರುದ್ರಾಣಿ ಸಮಾಧಾನದಿಂದಲೇ ಹೇಳಿ ನೋಡಿದಳು. "ಹೊನ್ನಾಳಿಗೆ ಹೋಗಿ ಅದನ್ನ ಎಲ್ಲಿ ಕಟ್ಟಾದು ಅಂತ ಕೇಳ್ಕಂಡಾದ್ರೂ ಬರ್ರಿ. ಕೇಳಿದ್ರೆ ನಿಮ್ಮ ನಾಲಿಗಿ ಸವೀತದಾ?" ಅವನು ಜಗ್ಗಲಿಲ್ಲ. ಕಳ್ಳ ಅಂದವನಿಗೆ ನಾನು ಹೋಗಿ ಲೆಕ್ಕ ಒಪ್ಪಿಸಬೇಕಾ ಅಂತ ಕೂತ. ಒಂದು ತಿಂಗಳಲ್ಲಿ ಮುಗಿಯುವ ಕೆಲಸವನ್ನು ಬೇಸಿಗೆ ಮುಗಿದು ಮಳೆಗಾಲ ಮುಗಿಯುವವರೆಗೆ ಎಳೆದ. ಸಿಟ್ಟು ಅನ್ನುವುದು ಹೀಗೇ. ಮಾಡಿಕೊಂಡವನ ಅನ್ನವನ್ನಷ್ಟೇ ಕಸಿಯುವುದಿಲ್ಲ, ಎದುರಿಗಿದ್ದವನ ಅನ್ನವನ್ನೂ ಕಸಿಯುತ್ತದೆ.

ಕೊನೆಗೆ ಅವನನ್ನು ಎಬ್ಬಿಸಿದ್ದು ಆ ವರ್ಷದ ಸುಗ್ಗಿ. ಅಂಜಿನಪ್ಪನ ಗ್ಯಾಂಗ್ ಬರಲಿಲ್ಲ. ಕಟ್ಟೆ ಖಾಲಿ ಇತ್ತು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೊನ್ನಾಳಿಯ ಬಸ್ಸು ಹತ್ತಿದ. ಲೆಕ್ಕದವರ ಹತ್ತಿರ ಹೋಗದೆ, ಬಸ್‌ಸ್ಟ್ಯಾಂಡಿನ ಹಿಂದೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಗೆ ಹೋದ. ಅಂಗಡಿ ನಡೆಸುವವಳು ಕಾವ್ಯಶ್ರೀ, ಪಕ್ಕದ ಹಳ್ಳಿಯವಳು, ಪರಿಚಯದ ಹುಡುಗಿ. ಇದ್ದದ್ದನ್ನು ಇದ್ದಹಾಗೆ ಅವಳ ಮುಂದೆ ಹೇಳಿದ.

ಸಂಘಕ್ಕೆ ಟ್ಯಾನ್ ನಂಬರ್ ಇದೆಯಾ ಅಂತ ಅವಳು ಕೇಳಿದಳು. ಇವನು ಜೇಬಿನಿಂದ ಸಂಘದ ಪ್ಯಾನ್ ಕಾರ್ಡ್ ತೆಗೆದು ಇಟ್ಟ. ಇದಲ್ಲ, ಇದು ಬೇರೆ, ಅದು ಬೇರೆ ಅಂದಳು. ಅವನ ಮುಖ ನೋಡಿ, ಅರ್ಥವಾಗಿಲ್ಲ ಅಂತ ಅವಳೇ ತಿಳಿದುಕೊಂಡಳು.

"ದೊಡ್ಡಪ್ಪ, ನಿಮ್ಮೂರ ಡೈರಿ ಕ್ಯಾನಿನ ಮ್ಯಾಲೆ ನಂಬರ್ ಬರೆದಿರ್ತಾರಲ್ರಿ? ಆ ನಂಬರಿಲ್ದೆ ಕ್ಯಾನ್ ಕಳಿಸಿದ್ರೆ ಹಾಲು ಯಾವ ಊರಿಂದು ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ಪ್ಯಾನ್ ಅಂದ್ರೆ ನಿಮ್ಮ ಸ್ವಂತದ ತೆರಿಗೆಗೆ. ಬೇರೆಯೋರದನ್ನ ನೀವು ಕಡಿದು ಕಳಿಸ್ತೀರಿ ಅಂದ್ರೆ ಅದಕ್ಕೆ ಕ್ಯಾನಿನ ನಂಬರಿನಂಗೆ ಈ ಟ್ಯಾನ್ ಬೇಕು. ಅದರ ಮ್ಯಾಲೆ ಕಟ್ಟಿದ್ರೇನೆ ಆ ಮನುಷ್ಯನ ಹೆಸರಿಗೆ ಜಮಾ ಆಗೋದು."

ಹಾಲು ಹಾಕುವ ಮನುಷ್ಯನಿಗೆ ಅರ್ಥವಾಗದ ಮಾತಲ್ಲ ಅದು. ಅರ್ಜಿ ಕಷ್ಟವಿರಬೇಕು ಅಂದ ಷಣ್ಮುಖಪ್ಪ. ಏನಿಲ್ಲ ಅಂದಳು. ಸಂಘದ ಹೆಸರು, ವಿಳಾಸ, ಜವಾಬ್ದಾರಿ ಹೊತ್ತವರ ಹೆಸರು ಮತ್ತು ಹುದ್ದೆ, ಸಣ್ಣ ಶುಲ್ಕ, ಸಹಿ ಹಾಕಿದ ಹಾಳೆಯೊಂದು ಅಂಚೆಯಲ್ಲಿ ಹೋಗಬೇಕು. ಒಂದು ಲೋಟ ಚಹಾ ಆರುವುದರೊಳಗೆ ಅರ್ಜಿ ತುಂಬಿ ಮುಗಿಯಿತು. ಇಷ್ಟೇನಾ ಅಂತ ಅವನು ಕೇಳಿದ. ಇಷ್ಟೇ ಅಂದಳು. ಇಷ್ಟಕ್ಕೆ ಒಬ್ಬ ಗೆಳೆಯನನ್ನು ಕಳೆದುಕೊಂಡೆನಲ್ಲ ಅಂತ ಅವನಿಗನ್ನಿಸಿತೋ ಏನೋ, ಸಹಿಯನ್ನು ತಪ್ಪು ಜಾಗದಲ್ಲಿ ಹಾಕಿ ಇನ್ನೊಂದು ಹಾಳೆ ತೆಗೆಯಬೇಕಾಯಿತು.

ನಂಬರ್ ಬರುವುದರೊಳಗೆ ಹಣ ತಂದಿಟ್ಟುಕೊಳ್ಳೋಣ ಅಂತ ಗುಡಿಗೆ ಹೋದ. ಅಲ್ಲಿ ಇನ್ನೊಂದು ಹೊಡೆತ ಕಾದಿತ್ತು. ಬಸವಣ್ಣನ ಮುಂದೆ ಅರಿಶಿನ ಬಟ್ಟೆಯಲ್ಲಿ ಕಟ್ಟಿದ ಮೇಲೆ ಅದು ಬಸವಣ್ಣನದು, ಕೊಟ್ಟ ಮುಡುಪನ್ನು ವಾಪಸ್ ಬಿಚ್ಚಿದರೆ ಊರಿಗೆ ಕೇಡು ಅಂದರು ಗುಡಿಯ ಹಿರಿಯರು. ಇದು ನನ್ನ ಹರಕೆಯಲ್ಲ, ಸರ್ಕಾರದ ಹಣ, ಕಾಯಲು ಕೊಟ್ಟದ್ದು ಅಂತ ಷಣ್ಮುಖಪ್ಪ ಕೂಗಾಡಿದ.

"ದೇವ್ರೇನು ನಿನ್ನ ವಾಚ್‌ಮನ್ನೇನೋ ಷಣ್ಮುಖ, ಕಾಯಾಕೆ ಬಿಡಾಕೆ?" ಅಂದರು ಒಬ್ಬರು. ನಾಲ್ಕು ಜನ ನಕ್ಕರು.

ಆ ನಗುವಿನ ಮುಂದೆ ಅವನ ಸಿಟ್ಟು ಮೊದಲ ಸಲ ಸೋತಿತು. ತಪ್ಪು ಅವರದೂ ಅಲ್ಲ. ಮುಡುಪು ಬಿಚ್ಚಬಾರದು ಅಂತ ಅವನೇ ಎಷ್ಟು ಜನರಿಗೆ ಬುದ್ಧಿ ಹೇಳಿರಲಿಲ್ಲ? ತಲೆ ತಗ್ಗಿಸಿ ಮೆಟ್ಟಿಲಿಳಿದ.

ಮನೆಯಲ್ಲಿ ಕರೆಯುವ ಎಮ್ಮೆ ಒಂದಿತ್ತು. ರುದ್ರಾಣಿ ಕರುವಿನಿಂದ ಸಾಕಿದ್ದು. ಮಾರುತ್ತೇನೆ ಅಂದಾಗ ಅವಳು ಬೇಡ ಅನ್ನಲಿಲ್ಲ. ಹಗ್ಗ ಬಿಚ್ಚಿ ತಾನೇ ಅವನ ಕೈಗೆ ಕೊಟ್ಟು, ಬೆನ್ನು ತಿರುಗಿಸಿಕೊಂಡು ಒಳಗೆ ಹೋದಳು. ಕಡಿದದ್ದು, ತಡವಾದದ್ದಕ್ಕೆ ಬಡ್ಡಿ, ಮೇಲೆ ದಂಡ ಎಲ್ಲಕ್ಕೂ ಅದು ಸರಿಹೋಯಿತು.

ನಂಬರ್ ಅಂಚೆಯಲ್ಲಿ ಬಂತು. ಕಾವ್ಯಶ್ರೀ ಅದರ ಮೇಲೆ ಹಣ ಕಟ್ಟಿಸಿ, ಲೆಕ್ಕದ ವಿವರವನ್ನೂ ಕಳಿಸಿದಳು. ಕೆಲವು ವಾರ ಬಿಟ್ಟು, ತೆರಿಗೆ ಕಡಿದು ಕಟ್ಟಿದ್ದಕ್ಕೆ ಅಂಜಿನಪ್ಪನ ಹೆಸರಿನ ಪ್ರಮಾಣಪತ್ರ ತೆಗೆದುಕೊಟ್ಟಳು. ಷಣ್ಮುಖಪ್ಪ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರು ಬಸ್ಸು ಹತ್ತಿ, ಸೊಕ್ಕೆಯಲ್ಲಿ ಇಳಿದ. ಇಷ್ಟು ವರ್ಷದಲ್ಲಿ ಅವನು ಗೆಳೆಯನ ಊರಿಗೆ ಹೋದದ್ದು ಅದೇ ಮೊದಲು. ಬರುವವನು ಯಾವಾಗಲೂ ಅಂಜಿನಪ್ಪನೇ.

ಬಾಗಿಲಲ್ಲಿ ಅಂಜಿನಪ್ಪನ ಹೆಂಡತಿ ಶಂಕ್ರಮ್ಮ ಸಿಕ್ಕಳು. ಗುರುತು ಹೇಳಿದ. ಅವಳು ಚೆಂಬಿನಲ್ಲಿ ನೀರು ತಂದಿಟ್ಟು, ಹೊರಗೆ ಹೋಗಿರುವ ಗಂಡನನ್ನು ಕರೆಯಲು ಹೋದಳು. ಮಷಿನ್ ಬೇರೆಯವರ ಪಾಲಾಗಿತ್ತು. ಗ್ಯಾಂಗಿನ ಜನ ಕಾದು ನೋಡಿ ಗುಳೆ ಹೋಗಿದ್ದರು. ಅಂಜಿನಪ್ಪ ಈಗ ಯಾರದೋ ಮಷಿನ್ ಹಿಂದೆ ನಿಂತು, ಅದು ತೋಡಿ ಬಿಟ್ಟ ಮೂಲೆಗಳ ಮಣ್ಣು ಎಳೆಯುವ ದಿನಗೂಲಿ ಮಾಡುತ್ತಿದ್ದ. ಕಾಲಿನ ಮಣ್ಣಿನೊಂದಿಗೇ ಬಂದ.

ಷಣ್ಮುಖಪ್ಪ ಏನೇನೋ ಹೇಳಬೇಕೆಂದಿದ್ದವನು, ಮೊದಲು ಕಾಗದ ಚಾಚಿದ. ಆಮೇಲೆ ತಡವರಿಸುತ್ತ ಎಲ್ಲಾ ಹೇಳಿದ: ಮುಡುಪು, ನಂಬರ್, ಕೇಳಲು ನಾಚಿದ್ದು, ಸಿಟ್ಟಿಗೆ ಕೂತದ್ದು. ಎಮ್ಮೆಯ ಮಾತು ಮಾತ್ರ ಹೇಳಲಿಲ್ಲ. ಅಂಜಿನಪ್ಪ ಕಾಗದವನ್ನು ಬೆಳಕಿಗೆ ಹಿಡಿದು ತನ್ನ ಹೆಸರು ಹುಡುಕಿ, ಅದರ ಮೇಲೆ ಹೆಬ್ಬೆರಳಾಡಿಸಿದ.

"ನೀನು ತಿಂದಿಲ್ಲ ಅಂತ ನನ್ನ ಹೊಟ್ಟಿಗೆ ಗೊತ್ತಿತ್ತು ಕಣೋ. ಗೊತ್ತಿದ್ರೂ ಅಂದೆ. ಬ್ಯಾಂಕ್‌ನೋರ ಮುಂದೆ ನಾನು ಸುಳ್ಳನಾದ್ನಲ್ಲ, ಆ ಸಂಕಟ ಯಾರ ಮ್ಯಾಲಾದ್ರೂ ಹಾಕಬೇಕಿತ್ತು. ನಿನ್ನ ಮ್ಯಾಲೆ ಹಾಕಿದೆ."

"ಈಗ ಬ್ಯಾಂಕಿಗೆ ಹೋಗಾನ ನಡಿ. ನಾನೂ ಬರ್ತೀನಿ."

"ಸಾಲ ತಗಂಡು ಇನ್ನೇನು ಮಾಡಾನ? ಆ ಮಷಿನ್ ಹೋತು, ಗ್ಯಾಂಗ್ ಎಲ್ಲೈತೆ?" ಅಂದ ಅಂಜಿನಪ್ಪ.

ಶಂಕ್ರಮ್ಮ ಮುದ್ದೆ ಬಡಿಸಿದಳು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಉಂಡರು. ಊಟದ ನಡುವೆ ಹಿಂದಿನಂತೆ ಒಬ್ಬರನ್ನೊಬ್ಬರು ಛೇಡಿಸಲು ಷಣ್ಮುಖಪ್ಪ ಒಂದು ಮಾತು ತೆಗೆದ. ಅದು ಅಲ್ಲೇ ಆರಿಹೋಯಿತು. ಕೂಲಿಗೆ ಹೊತ್ತಾಗುತ್ತದೆ ಅಂತ ಅಂಜಿನಪ್ಪ ಎದ್ದ. ಕಾಗದವನ್ನು ಮಡಿಸಿ ಹೆಂಡತಿಯ ಕೈಗೆ ಕೊಟ್ಟು, ಬಸ್ಸು ಸಿಗುವ ಜಾಗ ತೋರಿಸಿ ಹೋದ.

ಊರಿಗೆ ಬಂದು ಷಣ್ಮುಖಪ್ಪ ಕಾರ್ಯದರ್ಶಿ ಕೆಲಸ ಬಿಟ್ಟ. ಯಾರೂ ಬಿಡು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಪೈಪಿನ ಮುಂದಿನ ಭಾಗವನ್ನು ಹೊಸ ಕಾರ್ಯದರ್ಶಿ ಮಷಿನ್‌ನವರಿಗೇ ಕೊಟ್ಟ. ಬಿಲ್ಲಿನಲ್ಲಿ ತೆರಿಗೆ ಕಡಿದರು, ನಂಬರ್ ಹಾಕಿದರು, ಆ ತಿಂಗಳೇ ಕಟ್ಟಿದರು. ಒಂದು ಅಕ್ಷರವೂ ತಪ್ಪಲಿಲ್ಲ. ದಿಬ್ಬದ ಮೇಲೆ ಮಷಿನ್ ಗರ್ಜಿಸುತ್ತಿದ್ದಾಗ ಷಣ್ಮುಖಪ್ಪ ತನ್ನ ಹೊಲದ ಬದುವಿನಲ್ಲಿ ಕೂತು ನೋಡುತ್ತಿದ್ದ. ಅದು ತೋಡಿದ ಕಾಲುವೆ ಅಲ್ಲಲ್ಲಿ ಸೊಟ್ಟಗಿತ್ತು. ಬೈಯಬೇಕು ಅಂತ ಎದ್ದು ನಿಂತ. ನಿಂತವನು ಹಾಗೇ ಕೂತ.