ವಿಡಿಯೋದಲ್ಲಿ ಶಿವರುದ್ರಪ್ಪನವರು ಅಂದದ್ದೇನು?

ಕೃಷ್ಣಮೂರ್ತಿಪುರಂನಲ್ಲಿ ಹಿಟ್ಟಿನ ಗಿರಣಿಗೆ ಅಂಟಿಕೊಂಡಂತಿದ್ದ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದ ಶಿವರುದ್ರಪ್ಪನವರು ಮಾತಿನ ವಿಷಯದಲ್ಲಿ ಬಹಳ ಜಿಪುಣರು. ಮಿಷನ್ ತಂದವರು ಅದರ ಕಾಯಿಲೆಯನ್ನು ಹತ್ತು ನಿಮಿಷ ವರ್ಣಿಸಿದರೂ ಇವರು ಚಕ್ರವನ್ನು ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿ, "ಗುರುವಾರ" ಎಂದಷ್ಟೇ ಹೇಳುವರು. ಗುರುವಾರ ಎಂದರೆ ಗುರುವಾರವೇ. ಬುಧವಾರ ಬಂದು ವಿಚಾರಿಸಿದವರಿಗೆ ಆ ಒಂದು ಪದವೂ ಸಿಗುತ್ತಿರಲಿಲ್ಲ.

ಕಡಕೊಳದಿಂದ ಹದಿನೇಳರ ವಯಸ್ಸಿನಲ್ಲಿ ಮೈಸೂರಿಗೆ ಬಂದು, ಪೇಟೆಯ ಮಿಷನ್ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವರು ಅವರು. ಅಂಗಡಿ ಬಾಗಿಲು ಹಾಕಿದಾಗ ತಮ್ಮ ಸ್ಕ್ರೂಡ್ರೈವರುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು, ಮರುದಿನದಿಂದ ಮುಂಗೋಣೆಯಲ್ಲೇ ಕೂತರು. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟು ಕೂತರೆ ಊಟಕ್ಕೊಮ್ಮೆ ಏಳುವುದು. ಹೆಂಡತಿ ಪ್ರೇಮಲೀಲಾ ಅವರಿಗೆ ತದ್ವಿರುದ್ಧ. ಬೀದಿಯ ಅಷ್ಟೂ ಮನೆಗಳ ಸುದ್ದಿ ಅವರ ಬಾಯಲ್ಲಿರುತ್ತಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷಗಳಾಗಿದ್ದರೂ ಶಿವರುದ್ರಪ್ಪ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ. "ಇವಳೇ" ಎನ್ನುತ್ತಿದ್ದರು, ಅದೂ ಕಾಫಿ ಬೇಕಾದಾಗ.

ತೊಂಬತ್ತೆಂಟರ ಆಷಾಢದಲ್ಲಿ ಚಂದ್ರಮೌಳಿ ತನ್ನ ತಾಯಿಯ ಹಳೆಯ ಕಾಲುಮಿಷನ್ ಅನ್ನು ಆಟೋದಲ್ಲಿ ಹೇರಿಕೊಂಡು ಬಂದ. ಆ ಸುತ್ತಿನ ಆರುನೂರು ಮನೆಗಳಿಗೆ ಕೇಬಲ್ ಎಳೆದಿದ್ದವನು ಅವನೇ. ಮದುವೆ ವಿಡಿಯೋ ತೆಗೆಯಲೆಂದು ಹೊಸದಾಗಿ ಕ್ಯಾಮೆರಾವನ್ನೂ ಕೊಂಡಿದ್ದ; ಆಷಾಢವಾದ್ದರಿಂದ ಅದು ಸುಮ್ಮನೆ ಬ್ಯಾಗಿನಲ್ಲಿತ್ತು. ಮಿಷನ್ ಇಟ್ಟು ಹೊರಡಬೇಕಾದವನು ಶಿವರುದ್ರಪ್ಪನವರ ಕೈ ನೋಡುತ್ತಾ ಒಂದು ಗಂಟೆ ಅಲ್ಲೇ ನಿಂತುಬಿಟ್ಟ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಸ್ಕ್ರೂಗೆ ಅವರು ಒಂದು ತೊಟ್ಟು ಸೀಮೆಎಣ್ಣೆ ಬಿಟ್ಟು, ಅದು ತಾನಾಗಿ ಸಡಿಲವಾಗುವವರೆಗೆ ಕಾಯುತ್ತಿದ್ದ ರೀತಿ ಅವನನ್ನು ಹಿಡಿದಿಟ್ಟಿತ್ತು.

"ಶಿವರುದ್ರಪ್ಪನವ್ರೇ, ಇದನ್ನ ವಿಡಿಯೋ ತೆಗೀಲಾ? ನೀವೇನೂ ಮಾತಾಡ್ಬೇಕಾಗಿಲ್ಲ."

ಮಾತಾಡಬೇಕಾಗಿಲ್ಲ ಎಂದದ್ದಕ್ಕೇ ಅವರು ಒಪ್ಪಿರಬೇಕು.

ಮರುದಿನ ಕ್ಯಾಮೆರಾ ಬಂತು. ಅದರ ಲೈಟು ಹತ್ತೇ ನಿಮಿಷಕ್ಕೆ ಸುಟ್ಟುಹೋಯಿತು. ಒಳಗೆ ಕತ್ತಲೆ. ಆಗ ಪ್ರೇಮಲೀಲಾ ಅಡುಗೆಮನೆಯಿಂದ ದೊಡ್ಡ ಸ್ಟೀಲ್ ತಟ್ಟೆ ತಂದು, ಬಾಗಿಲ ಬಿಸಿಲಿಗೆ ಒಡ್ಡಿ, ಬೆಳಕನ್ನು ನೇರ ಗಂಡನ ಕೈಮೇಲೆ ಬೀಳುವಂತೆ ಹಿಡಿದರು. ಬಿಸಿಲು ಸರಿದಂತೆಲ್ಲ ತಟ್ಟೆಯನ್ನು ಓರೆ ಮಾಡುತ್ತಾ ಒಂದೂವರೆ ಗಂಟೆ ನಿಂತರು. ಪಕ್ಕದಲ್ಲಿ ಗಿರಣಿ ಗಡಗಡ ಎನ್ನುತ್ತಲೇ ಇತ್ತು. ಚಂದ್ರಮೌಳಿ ಮನೆಗೆ ಹೋಗಿ ಟೇಪ್ ಹಾಕಿ ನೋಡಿದರೆ ಗಿರಣಿಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅವನು ಆ ಸದ್ದನ್ನು ಪೂರ್ತಿ ಅಳಿಸಿ, ತಂದೆ ಇಟ್ಟುಹೋಗಿದ್ದ ವೀಣೆಯ ಕ್ಯಾಸೆಟ್ಟೊಂದನ್ನು ಅದಕ್ಕೆ ಜೋಡಿಸಿದ. ಹದಿನೆಂಟು ನಿಮಿಷದ ವಿಡಿಯೋ ಆಯಿತು. ಮಧ್ಯಾಹ್ನದ ಸಿನಿಮಾ ಮುಗಿದು ಸಂಜೆಯ ಭಜನೆ ಶುರುವಾಗುವ ನಡುವೆ ತನ್ನ ಲೋಕಲ್ ಚಾನೆಲ್ಲಿನಲ್ಲಿ ಖಾಲಿ ಬೀಳುತ್ತಿದ್ದ ಹೊತ್ತಿಗೆ ಅದನ್ನು ಹಾಕಿದ.

ಒಂದು ದಿನಕ್ಕೆಂದು ಹಾಕಿದ್ದು. ಮರುದಿನ ಹಾಕದಿದ್ದಾಗ ಅವನ ಆಫೀಸಿನ ಫೋನು ಸುಮ್ಮನಾಗಲೇ ಇಲ್ಲ.

"ಆ ಮಿಷನ್ನೋರು ಎಲ್ಲಿ ಹೋದ್ರು? ನಮ್ಮ ಮಗು ಅದನ್ನ ನೋಡ್ತಾ ಒಂದು ಬಟ್ಟಲು ಅನ್ನ ತಿಂದುಬುಡ್ತು ಕಣ್ರೀ, ಇವತ್ತು ಬಾಯೇ ತೆಗೀತಿಲ್ಲ" ಎಂದರು ಒಬ್ಬ ತಾಯಿ. ನಿದ್ದೆ ಬಾರದ ಒಬ್ಬರು ಹಿರಿಯರು ನಿನ್ನೆ ಕುರ್ಚಿಯಲ್ಲೇ ಗೊರಕೆ ಹೊಡೆದದ್ದನ್ನು ಅವರ ಸೊಸೆ ಸಂತೋಷದಿಂದ ತಿಳಿಸಿದರು. ಇನ್ನೊಬ್ಬ ಮೆಕ್ಯಾನಿಕ್ ಕರೆ ಮಾಡಿ, ಬಾಬಿನ್ ಕೇಸನ್ನು ಒರೆಸದೆ ಹಾಗೇ ಕೂರಿಸಿದ್ದು ತಪ್ಪು ಎಂದು ತಕರಾರು ತೆಗೆದ. ಚಂದ್ರಮೌಳಿ ವಿಡಿಯೋವನ್ನು ದಿನಾ ಹಾಕತೊಡಗಿದ.

ನಾಲ್ಕನೆಯ ದಿನ ವೀಣೆ ಪಾಠ ಹೇಳುವ ವೇದವತಿಯವರು ಖುದ್ದಾಗಿ ಅವನ ಆಫೀಸಿಗೇ ಬಂದರು.

"ಏನಪ್ಪಾ, ಪೂರ್ವಿಕಲ್ಯಾಣಿ ಆಲಾಪನೆ ಅಷ್ಟು ಚೆನ್ನಾಗಿ ಬೆಳೀತಾ ಇರತ್ತೆ, ತಾನ ಶುರುವಾಗೋ ಹೊತ್ತಿಗೆ ಕತ್ತರಿಸಿ ಬಿಸಾಕಿದೀಯಲ್ಲ!"

"ವಿಡಿಯೋ ಅಷ್ಟೇ ಉದ್ದ ಇರೋದು ಮೇಡಂ."

"ಹಾಗಾದ್ರೆ ಆಲಾಪನೇನ ಕಡಿಮೆ ಮಾಡು. ಸ್ಕ್ರೂ ಬಿಚ್ಚೋವಾಗ ಆಲಾಪನೆ ಸರಿ. ಚಕ್ರ ತಿರುಗೋಕೆ ಶುರುವಾದ್ಮೇಲೆ ತಾನ ಬರ್ಬೇಕು. ಅಷ್ಟೂ ಗೊತ್ತಾಗಲ್ವಾ?"

ಅವರು ಪಕ್ಕದಲ್ಲಿ ಕೂತು ಹೇಳಿದಂತೆಯೇ ಚಂದ್ರಮೌಳಿ ಸಂಗೀತವನ್ನು ಮತ್ತೆ ಜೋಡಿಸಿದ. ಸ್ವಚ್ಛವಾದ ಮಿಷನ್ನಿನ ಚಕ್ರ ಮೊದಲ ಸಲ ತಿರುಗುವಾಗ ತಾನದ ಚುರುಕು ಮೀಟು ಬಿದ್ದದ್ದನ್ನು ಕೇಳಿ ಕೆಲವರಿಗೆ ಕಣ್ಣಲ್ಲಿ ನೀರು ಬಂತಂತೆ.

ಆದರೆ ಜನರನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೇರೆಯೇ. ವಿಡಿಯೋ ಮುಕ್ಕಾಲು ಮುಗಿದಾಗ ಶಿವರುದ್ರಪ್ಪನವರು ಒಂದು ಕ್ಷಣ ಕೆಲಸ ನಿಲ್ಲಿಸಿ, ತಲೆಯೆತ್ತಿ ಪಕ್ಕಕ್ಕೆ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಮುಖ ಯಾಕೋ ಮೃದುವಾಗುತ್ತಿತ್ತು. ಮತ್ತೆ ತಲೆ ತಗ್ಗಿಸುತ್ತಿದ್ದರು. ಗಿರಣಿಯ ಸದ್ದಿನ ಜೊತೆಗೇ ಆ ಮಾತೂ ಅಳಿಸಿಹೋಗಿತ್ತು.

ನಿವೃತ್ತ ಸಂಸ್ಕೃತ ಮೇಷ್ಟ್ರು ನಂಜುಂಡಯ್ಯನವರು ಅದು ಪಂಚಾಕ್ಷರಿ ಎಂದು ಸಾಧಿಸಿದರು. ಗಿರಣಿಯ ಮರಿಯಯ್ಯ, "ನನ್ನ ಗಿರಣಿ ಸದ್ದಿಗೆ ಬೈದಿರೋದು, ಇನ್ನೇನಿಲ್ಲ" ಎಂದ. ಮಿಷನ್ ಜೊತೆಗೇ ಮಾತಾಡುತ್ತಾರೆ ಎಂದವರೂ ಇದ್ದರು. ಅಂಗಡಿಗೆ ಬಂದವರೆಲ್ಲ ಕೇಳುವವರೇ. ಶಿವರುದ್ರಪ್ಪನವರಿಗೆ ಇದರಿಂದ ಪ್ರಾಣಸಂಕಟ. ನಿಜ ಹೇಳಬೇಕೆಂದರೆ ಅವರಿಗೇ ನೆನಪಿರಲಿಲ್ಲ. ವಿಡಿಯೋ ನೋಡಿದಾಗ ಅವರ ಕಣ್ಣಿಗೆ ಬಿದ್ದದ್ದು ತಮ್ಮ ನೆತ್ತಿಯ ಬೋಳು ಮಾತ್ರ. ಒಂದು ದಿನ ಹೆಂಡತಿಯನ್ನೇ ಕೇಳಿದರು:

"ಇವಳೇ, ನಾನೇನಂದೆ ಅವತ್ತು?"

"ಆ ಗಿರಣಿ ಸದ್ದಲ್ಲಿ ನಂಗೇನ್ ಕೇಳುಸ್ತದೆ?" ಎಂದು ಪ್ರೇಮಲೀಲಾ ಒಳಗೆ ಹೋದರು. ಯಾವ ವಿಷಯವಾದರೂ ಅಷ್ಟು ಬೇಗ ಮಾತು ಮುಗಿಸುವವರಲ್ಲ ಅವರು. ಶಿವರುದ್ರಪ್ಪ ಅದನ್ನು ಗಮನಿಸಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಆಟೋದಿಂದ ಮಿಷನ್ ಇಳಿಸಿಕೊಂಡು ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಹೆಸರು ಚೂಡಾಮಣಿ. ರಾಜೀವನಗರದಲ್ಲಿ ಬ್ಲೌಸು ಹೊಲಿಯುವವಳು. ದನಿ ಏರಿಳಿತವಿಲ್ಲದೆ ಜೋರಾಗಿತ್ತು. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಆ ಹೊತ್ತಿಗೆ ಅಂಗಡಿಯ ಬೆಂಚಿನ ಮೇಲೆ ನಂಜುಂಡಯ್ಯನವರು ಪೇಪರು ಓದುತ್ತಾ ಕೂತಿದ್ದರು.

"ಹಬ್ಬಕ್ಕೆ ಅಕ್ಕನ ಮನೆಗೆ ಬಂದಿದ್ದೆ ಸಾರ್, ಇಲ್ಲೇ ಹಿಂದಿನ ಬೀದಿ. ಮೂರು ದಿನಾನೂ ನಿಮ್ಮ ವಿಡಿಯೋ ನೋಡ್ದೆ. ಟಿವೀಲಿ ಎಲ್ಲಾರೂ ಬರೀ ಮಾತಾಡ್ತಾರೆ, ಆಕಡೆ ತಿರುಗ್ಕೊಂಡು ಮಾತಾಡ್ತಾರೆ, ನಂಗೆ ಅರ್ಧ ಅರ್ಥ ಆಗಲ್ಲ. ಇದೊಂದೇ ಪೂರ್ತಿ ಅರ್ಥ ಆಗಿದ್ದು."

ನಂಜುಂಡಯ್ಯನವರು ಪೇಪರು ಕೆಳಗಿಟ್ಟು, ಅವಳಿಗೆ ಕಾಣುವಂತೆ ನಿಧಾನವಾಗಿ, "ಅದಕ್ಕೆ ವೀಣೆ ಹಾಕಿದಾರಮ್ಮ, ತುಂಬಾ ಚೆನ್ನಾಗಿದೆ" ಎಂದರು.

"ವೀಣೆ ಇದ್ಯಾ ಅದ್ರಲ್ಲಿ?" ಅವಳಿಗೆ ಆಶ್ಚರ್ಯವಾಯಿತು. ಆಮೇಲೆ ಶಿವರುದ್ರಪ್ಪನವರ ಕಡೆ ತಿರುಗಿ, ಅಷ್ಟೇ ಜೋರು ದನಿಯಲ್ಲಿ ಕೇಳಿದಳು: "ಸಾರ್, ಪ್ರೇಮ ಅಂದ್ರೆ ಯಾರು?"

ಶಿವರುದ್ರಪ್ಪನವರ ಕೈಯಲ್ಲಿದ್ದ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು.

"ಮೊದಲ್ನೇ ದಿನ ಸರಿಯಾಗಿ ಗೊತ್ತಾಗ್ಲಿಲ್ಲ. ಪ, ಬ, ಮ ಎಲ್ಲಾ ತುಟಿ ಮೇಲೆ ಒಂದೇ ಥರ ಕಾಣ್ತವೆ. ಎರಡ್ನೇ ದಿನ ಹೊಳೀತು. 'ಪ್ರೇಮಾ, ಕೈ ನೋಯ್ತದೇನೋ, ಇಳಿಸ್ಬುಡು' ಅಂತೀರ. ಅಲ್ವಾ?"

ಬೆಂಚಿನ ಮೇಲಿದ್ದ ನಂಜುಂಡಯ್ಯನವರು ಪಂಚಾಕ್ಷರಿಯನ್ನು ಅಲ್ಲೇ ಕೈಬಿಟ್ಟು, "ಭೇಷ್!" ಎಂದರು. ಒಳಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಪ್ರೇಮಲೀಲಾ ತಟಕ್ಕನೆ ತಿರುಗಿ ಒಳಗೆ ಹೋದರು. ಕಾಫಿ ಬರಲಿಲ್ಲ.

ಶಿವರುದ್ರಪ್ಪನವರು ಕೆಲಸದ ನಡುವೆ ಎದ್ದು ಅಡುಗೆಮನೆಗೆ ಹೋದದ್ದು ಬಹುಶಃ ಅದೇ ಮೊದಲು. ಹೆಂಡತಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು.

"ನಿಂಗೆ ಅವತ್ತೇ ಕೇಳಿಸಿತ್ತಾ?"

"ಕೇಳಿಸ್ದೆ ಏನು? ಅಷ್ಟು ಹತ್ರ ನಿಂತಿದ್ದೆ."

"ಮತ್ತೆ ಕೇಳಿದ್ರೆ ಯಾಕೆ ಹೇಳ್ಲಿಲ್ಲ? ಊರೆಲ್ಲ ನನ್ನ ಜೀವ ತಿಂತಿದ್ರು."

"ಹೇಳ್ಬುಟ್ಟಿದ್ರೆ ಊರೋರ ಮಾತಾಗೋಗ್ತಿತ್ತು. ಇಪ್ಪತ್ತಾರು ವರ್ಷಕ್ಕೆ ಒಂದ್ಸಲ ನನ್ನ ಹೆಸರು ಕರ್ದಿದ್ರಿ. ಅದನ್ನೂ ಹಂಚ್ಬೇಕಾಗಿತ್ತಾ?" ಅವರ ದನಿಯಲ್ಲಿ ಮುನಿಸಿತ್ತು, ಆದರೆ ತಿರುಗಿದಾಗ ಮುಖ ನಗುತ್ತಿತ್ತು. "ಅದಕ್ಕೇ ಕಣ್ರೀ ನಾನು ತಟ್ಟೆ ಇಳಿಸ್ಲಿಲ್ಲ. ಇನ್ನೊಂದ್ಸಲ ಕರೀತೀರೇನೋ ಅಂತ ಇನ್ನೂ ಅರ್ಧ ಗಂಟೆ ಹಿಡ್ಕೊಂಡಿದ್ದೆ."

ಶಿವರುದ್ರಪ್ಪನವರು ಹೆಂಡತಿಯ ಬಲಗೈಯನ್ನು ಹಿಡಿದು, ಎರಡು ತಿಂಗಳ ಹಿಂದಿನ ನೋವು ಇನ್ನೂ ಅಲ್ಲಿದೆಯೇನೋ ಎಂಬಂತೆ ಮಣಿಕಟ್ಟನ್ನು ಸವರಿದರು. "ಎಣ್ಣೆ ಕೈ!" ಎಂದು ಬೈದರೂ ಪ್ರೇಮಲೀಲಾ ಬಿಡಿಸಿಕೊಳ್ಳಲಿಲ್ಲ.

ಹೊರಗೆ ಬಂದಾಗ ಚೂಡಾಮಣಿ ಪೆಚ್ಚಾಗಿ ನಿಂತಿದ್ದಳು. ತಪ್ಪು ಕೇಳಿದೆನೇನೋ ಎಂಬ ಭಯ. ಶಿವರುದ್ರಪ್ಪನವರು ಅವಳ ಮಿಷನ್ನಿನ ಚಕ್ರ ತಿರುಗಿಸಿ, "ಗುರುವಾರ" ಎಂದರು. ಆಮೇಲೆ ಏನನ್ನಿಸಿತೋ, ಬೆಂಚನ್ನು ತೋರಿಸಿ, "ಕೂತ್ಕೊಳಮ್ಮ. ಇವತ್ತೇ ಬಿಚ್ತೀನಿ, ನೋಡ್ಕೊ" ಎಂದರು.

ಅವಳು ನೋಡಿದ್ದು ಆ ಒಂದು ದಿನ ಮಾತ್ರವಲ್ಲ. ವಾರಕ್ಕೆರಡು ಸಲ ರಾಜೀವನಗರದಿಂದ ಬಸ್ಸು ಹಿಡಿದು ಬರತೊಡಗಿದಳು. ಮಿಷನ್ನಿನ ಸದ್ದು ಕೇಳದೆ ಅದರ ಕಾಯಿಲೆ ಹೇಗೆ ತಿಳಿದೀತು ಎಂದು ಶಿವರುದ್ರಪ್ಪನವರಿಗೆ ಅನುಮಾನವಿತ್ತು. ಅವಳು ಮಿಷನ್ನಿನ ತಲೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, "ಕೆಳಗೆ ಎಡಗಡೆ, ಹಲ್ಲು ಸವೆದಿದೆ" ಎನ್ನುತ್ತಿದ್ದಳು. ಬಿಚ್ಚಿ ನೋಡಿದರೆ ಹತ್ತಕ್ಕೆ ಎಂಟು ಸಲ ಸರಿಯಿರುತ್ತಿತ್ತು. ಕಲಿಸುವಾಗ ಅವಳಿಗೆ ಮುಖ ಕೊಟ್ಟು, ಪ್ರತಿ ಪದವನ್ನೂ ಬಿಡಿಸಿ ಹೇಳಬೇಕಾಗುತ್ತಿತ್ತು. ಹಾಗಾಗಿ ಐವತ್ತು ದಾಟಿದ ಮೇಲೆ ಶಿವರುದ್ರಪ್ಪನವರು ಮಾತು ಕಲಿತರು ಎಂದು ಪ್ರೇಮಲೀಲಾ ಎಲ್ಲರಿಗೂ ಹೇಳಿಕೊಂಡು ಬಂದರು. ಹೆಸರು ಹಿಡಿದು ಕರೆಯುವುದು ಮಾತ್ರ ಅವರಿಗೆ ಅಭ್ಯಾಸವಾಗಲಿಲ್ಲ. ವರ್ಷಕ್ಕೊಂದೆರಡು ಸಲ, ಪಕ್ಕದಲ್ಲಿ ಯಾರೂ ಇಲ್ಲದಾಗ, ಕರೆಯುತ್ತಿದ್ದರಂತೆ.

ವಿಡಿಯೋ ಎರಡು ವರ್ಷ ಓಡಿತು. ಕೊನೆಗೆ ಟೇಪು ಸವೆದು ಗೆರೆಗೆರೆಯಾಯಿತು. ಚಂದ್ರಮೌಳಿ ಆ ಹೊತ್ತಿಗೆ ಜಾಹೀರಾತು ಹಾಕತೊಡಗಿದ.

ಎರಡು ಸಾವಿರದ ನಾಲ್ಕರಲ್ಲಿ ಚೂಡಾಮಣಿ ರಾಜೀವನಗರದ ತನ್ನ ಮನೆಯ ಮಹಡಿಯಲ್ಲಿ ಹೆಂಗಸರಿಗೆ ಮಿಷನ್ ರಿಪೇರಿ ತರಗತಿ ಶುರುಮಾಡಿದಳು. ಮೊದಲ ದಿನ ಹನ್ನೊಂದು ಮಂದಿ ಬಂದಿದ್ದರು, ಅವರಲ್ಲಿ ನಾಲ್ವರಿಗೆ ಕಿವಿ ಕೇಳುತ್ತಿರಲಿಲ್ಲ. ಶಿವರುದ್ರಪ್ಪ ದಂಪತಿಗಳನ್ನು ಕರೆದಿದ್ದಳು. "ಎರಡು ಮಾತು ಹೇಳಿ ಸಾರ್" ಎಂದಾಗ ಅವರು ಕತ್ತು ಕೆರೆದುಕೊಂಡರು. ಆಮೇಲೆ ಸ್ಟೂಲನ್ನು ಕಿಟಕಿಯ ಹತ್ತಿರ, ತಮ್ಮ ಮುಖಕ್ಕೆ ಬೆಳಕು ಬೀಳುವ ಕಡೆಗೆ ಎಳೆದುಕೊಂಡು ಕೂತರು. ಸೂಜಿಯಿಂದ ಶುರುಮಾಡಿದರು. ದಾರ, ಬಾಬಿನ್, ಬೆಲ್ಟು, ನಲವತ್ತು ವರ್ಷದಲ್ಲಿ ತಾವು ಮಾಡಿದ್ದ ತಪ್ಪುಗಳು, ಒಮ್ಮೆ ಒಂದು ಮಿಷನ್ನಿನೊಳಗೆ ಸಂಸಾರ ಹೂಡಿದ್ದ ಇಲಿ. ಹೆಂಗಸರು ನಕ್ಕರು, ಪ್ರಶ್ನೆ ಕೇಳಿದರು, ಅವರು ಮತ್ತೆ ಹೇಳಿದರು. ಮಧ್ಯಾಹ್ನವಾಯಿತು. ಪ್ರೇಮಲೀಲಾ ಎರಡು ಸಲ ಗಡಿಯಾರ ನೋಡಿ, ಬಸ್ಸು ತಪ್ಪಿಹೋಗುತ್ತದೆ ಎಂದು ಸನ್ನೆ ಮಾಡಿದರು.

"ಇರು, ಟೆನ್ಷನ್ ಸ್ಪ್ರಿಂಗಿನ ವಿಷಯ ಇನ್ನೂ ಹೇಳೇ ಇಲ್ಲ" ಎಂದರು ಶಿವರುದ್ರಪ್ಪ.